ಸೂರ್ಯಾಸ್ತಕ್ಕಿಂತ ಹದಿನೆಂಟು ನಿಮಿಷ ತಡ

೨೮ ನವೆಂಬರ್ ೨೦೧೮, ಬುಧವಾರ. ಆಧಾರ: ನನ್ನ ಕಾರಿನ ದಿನಚರಿ ವಹಿ, ಎರಡನೆಯ ಸಂಪುಟ, ಹೋಲಿಕೆಗೆ ಅದೇ ವರ್ಷದ ಗೋಡೆ ಪಂಚಾಂಗ. ವಹಿಯ ಪ್ರಕಾರ ಆ ಸಂಜೆ ನಾವು ಅಥಣಿಯನ್ನು ಬಿಟ್ಟದ್ದು ಐದು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ. ಉಗಾರ ಬುದ್ರುಕಕ್ಕೆ ತಿರುಗುವ ಕವಲುದಾರಿ, ಅಂದರೆ ಫಾಟಾ, ಮುಟ್ಟಿದ್ದು ಆರು ಗಂಟೆ ಹನ್ನೆರಡು ನಿಮಿಷಕ್ಕೆ. ಪಂಚಾಂಗದ ಪ್ರಕಾರ ಸೂರ್ಯಾಸ್ತ ಐದು ಐವತ್ತನಾಲ್ಕು. ಪಂಚಾಂಗದ ಗಣಿತ ಬೇರೆ ಊರಿನದು, ಆದ್ದರಿಂದ ನಮ್ಮ ಕಡೆಗೆ ಒಂದೆರಡು ನಿಮಿಷದ ವ್ಯತ್ಯಾಸ ಬರಬಹುದು. ಕಾರಿನ ಗಡಿಯಾರವೂ ಒಂದು ನಿಮಿಷ ಮುಂದಿತ್ತೆಂದು ಆ ತಿಂಗಳ ಕೊನೆಯಲ್ಲಿ ನಾನೇ ಬರೆದಿಟ್ಟಿದ್ದೇನೆ. ಎರಡನ್ನೂ ನನಗೆ ಅನುಕೂಲವಾಗುವಂತೆ ಹಿಡಿದರೂ ತಡ ತಡವೇ. ಆ ತಡದಿಂದಾಗಿ ಒಬ್ಬ ಹೆಣ್ಣುಮಗಳು ಅಂದು ಉಣ್ಣದೆ ಮಲಗಿದರು. ಅವರೊಂದಿಗೆ ಅವರ ಅತ್ತೆಯೂ.

ನಾನು ಶಾಸನಗಳ ಕಾಲನಿರ್ಣಯ ಮಾಡುತ್ತಿದ್ದವನು. ಶಕವರ್ಷ, ಸಂವತ್ಸರ, ತಿಥಿ, ವಾರಗಳನ್ನು ಒಂದಕ್ಕೊಂದು ತಾಳೆ ಹಾಕಿ, ಇಂಥ ಶಿಲೆಯನ್ನು ಇಂಥ ದಿನ ನಿಲ್ಲಿಸಿದರೆಂದು ಹೇಳುವುದು ನನ್ನ ವೃತ್ತಿ. ಮನೆ ರಾಯಬಾಗದಲ್ಲಿ, ಕೆಲಸ ಅಥಣಿಯ ಒಂದು ಸಣ್ಣ ಸಂಶೋಧನಾ ಕೇಂದ್ರದಲ್ಲಿ. ನಡುವೆ ಕುಡಚಿ, ಕೃಷ್ಣೆಯ ಸೇತುವೆ, ಉಗಾರ. ನಿವೃತ್ತಿಗೆ ಎರಡು ವರ್ಷ ಉಳಿದಿರುವಾಗ, ಒಬ್ಬನೇ ಒಂದು ಕಾರಿನಲ್ಲಿ ದಿನವೂ ಅಷ್ಟು ದೂರ ಪೆಟ್ರೋಲು ಸುಡುವುದು ತಪ್ಪೆಂದು ನನಗೆ ಅನಿಸತೊಡಗಿತು. ಅನಿಸಿದ್ದು ಸುಳ್ಳಲ್ಲ. ಹೊಗೆಯ ವಿಷಯ, ಬಿಸಿಲಿನ ವಿಷಯ, ಮಳೆ ದಿಕ್ಕು ತಪ್ಪಿದ ವಿಷಯ ಓದಿಕೊಂಡಿದ್ದೆ. ಕೇಂದ್ರದಲ್ಲಿ ಯಾರೂ ಇಲ್ಲದ ಕೋಣೆಯ ಫ್ಯಾನು ತಿರುಗುತ್ತಿದ್ದರೆ ನಾನೇ ಎದ್ದು ಹೋಗಿ ಬಂದ್ ಮಾಡುತ್ತಿದ್ದೆ; ಬಂದ್ ಮಾಡಿದ್ದು ನಾಲ್ಕು ಜನರಿಗೆ ಗೊತ್ತಾಗುವ ಹಾಗೆ ಬಾಗಿಲಲ್ಲಿ ಒಂದು ಕ್ಷಣ ನಿಲ್ಲುತ್ತಿದ್ದೆ. ರಾಯಬಾಗದ ಮನೆಯಲ್ಲಿ ನನ್ನ ಪತ್ನಿ ಒಮ್ಮೆ ಕೇಳಿದ್ದರು: “ಹಿಂಗ ಬಂದ್ ಮಾಡಿ ಮಾಡಿ ಉಳಿಸಿದ ಗಾಳಿ ಎಲ್ಲಿ ಕೂಡಿ ಹಾಕೀರಿ? ಬ್ಯಾಸಗ್ಯಾಗ ಒಂದೀಟ ತಗೀರಿ.” ನಾನು ನಗಲಿಲ್ಲ. ಸತ್ಕಾರ್ಯವನ್ನು ನಗೆಗೀಡು ಮಾಡಬಾರದೆಂಬುದು ಆಗಿನ ನನ್ನ ಅಭಿಪ್ರಾಯ.

ಹೀಗೆ ಕಾರನ್ನು ಹಂಚಿಕೊಳ್ಳುವ ಯೋಜನೆ ಹುಟ್ಟಿತು. ನಮ್ಮ ವಿಭಾಗದಲ್ಲಿ ನನ್ನ ದಾರಿಯಲ್ಲೇ ಬರುವವರು ಇಬ್ಬರಿದ್ದರು. ಒಬ್ಬರು ಕುಡಚಿಯ ಗ್ರಂಥಪಾಲಕರು, ಮುಸ್ಲಿಂ ಮನೆತನದವರು, ನಗಿಸಿ ಮಾತಾಡುವವರು, ದಿನವೂ ಮೋಟಾರ್‌ಸೈಕಲ್ಲಿನಲ್ಲಿ ಬರುತ್ತಿದ್ದರು. ಇನ್ನೊಬ್ಬರು ಉಗಾರ ಬುದ್ರುಕದ ಜೈನ ಒಕ್ಕಲುಮನೆಯ ಸೊಸೆ, ಕೇಂದ್ರದ ಪ್ರಕಟಣೆಗಳ ಕರಡು ತಿದ್ದುವವರು, ಬಸ್ಸಿನಲ್ಲಿ ಬರುತ್ತಿದ್ದರು. ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಕರೆಯುವ ರೂಢಿಯಂತೆ ನಾನು ಅವರನ್ನು ‘ಬಾಯಿಯವರು’ ಎನ್ನುತ್ತಿದ್ದೆ. ನಾನು ತಪ್ಪು ಬರೆದ ಎಷ್ಟೋ ಇಸವಿಗಳನ್ನು ಅವರು ಪೆನ್ಸಿಲಿನಲ್ಲಿ ಸಣ್ಣ ಸುತ್ತು ಹಾಕಿ ಹಿಂದಿರುಗಿಸಿದ್ದಾರೆ. ಎಂದೂ ಒಂದು ಮಾತು ಆಡಿದವರಲ್ಲ. ಸುತ್ತು ಅಷ್ಟೇ.

ಗ್ರಂಥಪಾಲಕರು ಕೇಳಿದ ಕೂಡಲೇ ಒಪ್ಪಿದರು. “ಬೆನ್ನು ಬಿಡುಗಡಿ ಆತ್ರಿ ಸರ್. ಈ ರೋಡ್‌ನ್ಯಾಗ ಗಾಡಿ ಹೊಡದು ಹೊಡದು ನನ್ನ ಎಲಬು ಎಲ್ಲಾ ಬ್ಯಾರೆ ಬ್ಯಾರೆ ಕಪಾಟಕ್ಕ ಹೋಗ್ಯಾವು,” ಎಂದರು. ಆ ಹೆಣ್ಣುಮಗಳು ಒಪ್ಪಲಿಲ್ಲ.

“ನನಗ ಬಸ್ಸ ಅನುಕೂಲ ಐತ್ರಿ ಸರ್. ನಾಕೂ ನಲವತ್ತಕ್ಕ ಐತಿ. ದಿನಾ ಅದಕ್ಕ ಹೋಗತೀನಿ.”

“ಪೆಟ್ರೋಲು ಉಳಿತೈತಿ ಬಾಯಾರ,” ಎಂದೆ. “ಮೂರು ಮಂದಿ ಒಂದ ಗಾಡಿದಾಗ ಹೋದ್ರ ಅಷ್ಟು ಹೊಗಿ ಕಡಿಮಿ.”

“ಬಸ್ಸ ನನ್ನ ಸಲುವಾಗಿ ಬ್ಯಾರೆ ಎಣ್ಣಿ ಕುಡೂದಿಲ್ಲಲ್ಲರಿ. ನಾ ಹತ್ತಿದ್ರೂ ಹೋಗತೈತಿ, ಹತ್ತಲಿಲ್ಲಂದ್ರೂ ಹೋಗತೈತಿ.”

ಈ ಮಾತು ನನಗೆ ಅಕ್ಷರಶಃ ನೆನಪಿದೆ. ಅದಕ್ಕೆ ನಾನು ಮುಗುಳ್ನಕ್ಕದ್ದೂ ನೆನಪಿದೆ. ಶಾಸ್ತ್ರ ತಿಳಿಯದವರ ಮಾತಿಗೆ ಶಾಸ್ತ್ರ ತಿಳಿದವನು ನಗುವ ನಗೆ ಅದು. ನಾಲ್ಕು ದಿನ ಬಿಟ್ಟು ಮತ್ತೆ ಕೇಳಿದೆ. ಮತ್ತೊಂದು ವಾರ ಬಿಟ್ಟು, ವಿಭಾಗದ ಮುಖ್ಯಸ್ಥನೆಂಬ ಭಾರ ದನಿಯಲ್ಲಿ ಬರುವಂತೆ ಇನ್ನೊಮ್ಮೆ ಕೇಳಿದೆ. ಕೊನೆಗೆ ಒಪ್ಪಿದರು. ಹೇಗೆ ಒಪ್ಪಿದರು, ಏನು ಹೇಳಿ ಒಪ್ಪಿದರು ಎಂಬುದು ಮಾತ್ರ ನನಗೆ ನೆನಪಿರಲಿಲ್ಲ.

ಯೋಜನೆ ಆರಂಭವಾದ ದಿನದಿಂದ ವಹಿ ಇಟ್ಟೆ. ಅಂಕಣಗಳು ಇವು: ದಿನಾಂಕ, ಹೊರಟ ವೇಳೆ, ಮುಟ್ಟಿದ ವೇಳೆ, ಜನ, ಉಳಿದ ಪೆಟ್ರೋಲು, ಷರಾ. ಒಬ್ಬೊಬ್ಬರು ಹತ್ತಿದ್ದಕ್ಕೂ ಒಂದೊಂದು ಕಾರಿನ ಪೆಟ್ರೋಲು ಉಳಿಯಿತೆಂದು ಬರೆಯುತ್ತಿದ್ದೆ. ಗ್ರಂಥಪಾಲಕರದು ಮೋಟಾರ್‌ಸೈಕಲ್ಲು, ಅವರ ಪಾಲಿಗೆ ಅರೆಪಾಲಾದರೂ ಅರ್ಥವಿತ್ತು. ಬಸ್ಸಿನಿಂದ ಇಳಿಸಿ ಕರೆತಂದ ಹೆಣ್ಣುಮಗಳ ಹೆಸರಿನಲ್ಲಿಯೂ ದಿನಕ್ಕೊಂದು ಕಾರಿನ ಉಳಿತಾಯವನ್ನು ಬರೆದೆ. ಅವರಿಗೆ ಕಾರು ಇರಲೇ ಇಲ್ಲ.

ಈಗ ಅವರ ಊಟದ ವಿಷಯ ಹೇಳಬೇಕು. ನಮ್ಮ ಕಡೆಯ ಜೈನ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ದೀಪದ ಬೆಳಕಿಗೆ ಬರುವ ಸಣ್ಣ ಜೀವಗಳು ಅನ್ನಕ್ಕೆ ಬಿದ್ದು ಸಾಯುತ್ತವೆ ಎಂಬುದು ಕಾರಣ. ಇಂದು ಎಲ್ಲರೂ ಪಾಲಿಸುತ್ತಾರೆಂದಲ್ಲ; ಪಾಲಿಸುವವರು ಮಾತ್ರ ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟುವುದಿಲ್ಲ. ಅವರು ಪಾಲಿಸುವವರು. ಬೆಳಿಗ್ಗೆ ಮನೆಯಲ್ಲಿ ಉಂಡು ಹೊರಟರೆ, ಸಂಜೆ ಮನೆಯಲ್ಲಿ ಅತ್ತೆಯ ಜೊತೆ ಕುಳಿತು ಉಣ್ಣುವುದು. ನಡುವೆ ಹೊರಗಿನದೇನೂ ಇಲ್ಲ. ಮನೆಯಿಂದ ಸೋಸಿ ತಂದ ಒಂದು ಬಾಟಲಿ ನೀರು ಮಾತ್ರ.

ಇದು ನನಗೆ ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ. ನಾನು ಹುಟ್ಟಿದ್ದೂ ಅಂಥದೇ ಮನೆಯಲ್ಲಿ, ನಿಪ್ಪಾಣಿಯಲ್ಲಿ. ನನ್ನ ತಾಯಿ ಪಡಸಾಲೆಯ ಹೊಸ್ತಿಲ ಮೇಲಿನ ಬಿಸಿಲು ಎಲ್ಲಿಗೆ ಬಂತೆಂದು ನೋಡಿ ರೊಟ್ಟಿ ತಟ್ಟಲು ಕೂರುತ್ತಿದ್ದರು. ಗಡಿಯಾರ ಗೋಡೆಯ ಮೇಲಿತ್ತು. ಅದನ್ನು ನೋಡಿದ್ದು ನಾನು ಕಾಣೆ. ದೀಪ ಹಚ್ಚುವ ಹೊತ್ತಿಗೆ ಪಾತ್ರೆಗಳು ತೊಳೆದು ಬೋರಲಾಗಿರುತ್ತಿದ್ದವು. ಕಾಲೇಜಿಗೆ ಹೋದ ವರ್ಷ ನಾನು ಅದನ್ನು ಬಿಟ್ಟೆ. ಆಮೇಲೆ ರಾತ್ರಿ ಒಂಬತ್ತಕ್ಕೆ, ಮೇಜಿನ ದೀಪದ ಕೆಳಗೆ ಪುಸ್ತಕ ತೆರೆದುಕೊಂಡೇ ಉಣ್ಣುವ ರೂಢಿ. ಸೂರ್ಯಾಸ್ತಕ್ಕೆ ಮೊದಲು ಉಣ್ಣುವ ವ್ರತದ ಹಳೆಯ ಹೆಸರಿನ ಬಗ್ಗೆ ಮಾತ್ರ ಒಂದು ಲೇಖನದಲ್ಲಿ ಅರ್ಧ ಪುಟದ ಅಡಿಟಿಪ್ಪಣಿ ಬರೆದಿದ್ದೇನೆ. ಅದರ ಕರಡು ತಿದ್ದಿದವರೂ ಅವರೇ.

ನಮ್ಮ ವಿಭಾಗ ಮುಗಿಯುವ ವೇಳೆ ನಾಲ್ಕೂವರೆ. ನಾಲ್ಕೂವರೆಗೆ ಕಾರು ಹೊರಟರೆ ಐದೂಕಾಲರ ಸುಮಾರಿಗೆ ಉಗಾರದ ಫಾಟಾ. ಚಳಿಗಾಲದಲ್ಲಿಯೂ ಉಣ್ಣಲು ಬೇಕಾದಷ್ಟು ಹಗಲು ಉಳಿಯುತ್ತಿತ್ತು. ಆದರೆ ನಾಲ್ಕೂವರೆಗೆ ನಾನು ಏಳುತ್ತಿರಲಿಲ್ಲ. ಯಾವುದೋ ತಿಥಿ, ಯಾವುದೋ ವಾರ ಕೂಡುತ್ತಿರಲಿಲ್ಲ. “ಐದು ಮಿನಿಟ್,” ಎನ್ನುತ್ತಿದ್ದೆ. ಅವರು ಚೀಲ ಹೆಗಲಿಗೆ ಹಾಕಿಕೊಂಡು ಹೊರಗಿನ ಕಟ್ಟೆಯ ಮೇಲೆ ಪಶ್ಚಿಮಕ್ಕೆ ಮುಖ ಮಾಡಿ ಕೂರುತ್ತಿದ್ದರು. ಗ್ರಂಥಪಾಲಕರು ಬಾಗಿಲಲ್ಲಿ ಇಣುಕಿ ನೋಡಿ, ಹೊರಗೆ ಹೋಗಿ ಸುದ್ದಿ ಹೇಳುತ್ತಿದ್ದರು: “ಅಕ್ಕಾರ, ಸರ್ ಇನ್ನೂ ಹನ್ನೆರಡನೇ ಶತಮಾನದಾಗ ಅದಾರ್ರಿ. ಅಲ್ಲಿಂದ ನಡಕೋತ ಬರಬೇಕಲ್ಲ, ಹೊತ್ತಾಗತೈತಿ.” ಒಳಗೆ ಕುಳಿತ ನನಗೂ ಕೇಳಲಿ ಎಂದೇ ಜೋರಾಗಿ ಹೇಳುತ್ತಿದ್ದರು. ನನಗೆ ಅದು ಪ್ರಶಂಸೆಯಂತೆ ಕೇಳುತ್ತಿತ್ತು.

ಅಷ್ಟರಲ್ಲಿ ನಾಲ್ಕೂ ನಲವತ್ತರ ಬಸ್ಸು ಹೋಗಿರುತ್ತಿತ್ತು. ಮುಂದಿನ ಬಸ್ಸು ಹಿಡಿದರೂ ಹೊತ್ತು ಮುಳುಗುವುದು ತಪ್ಪುತ್ತಿರಲಿಲ್ಲ. ನನ್ನ ಐದು ನಿಮಿಷವನ್ನು ನಂಬಿ ಕುಳಿತವರಿಗೆ ಬೇರೆ ದಾರಿ ಇರಲಿಲ್ಲ.

ಆರಂಭದಲ್ಲಿ ಹೇಳಿದ ನವೆಂಬರಿನ ಆ ಬುಧವಾರ ಒಂದು ಶಾಸನದ ವಾರ ತಪ್ಪಿತ್ತು. ಕಲ್ಲು ಸೋಮವಾರ ಎನ್ನುತ್ತಿತ್ತು, ಗಣಿತ ಮಂಗಳವಾರ ಎನ್ನುತ್ತಿತ್ತು. ತಿಥಿ ಸೂರ್ಯೋದಯಕ್ಕೆ ಇತ್ತೋ ಇಲ್ಲವೋ ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ಐವತ್ತೆರಡು ನಿಮಿಷ ಕುಳಿತು, ಎಂಟು ನೂರು ವರ್ಷಗಳ ಹಿಂದಿನ ಒಂದು ದಿನ ಈ ಪ್ರದೇಶದಲ್ಲಿ ಸೂರ್ಯ ಎಷ್ಟು ಗಂಟೆಗೆ ಹುಟ್ಟಿರಬೇಕೆಂದು ಲೆಕ್ಕ ಹಾಕಿದೆ. ಕಲ್ಲೇ ಸರಿಯೆಂದು ತಿಳಿದು ಸಂತೋಷದಿಂದ ಎದ್ದು ಬಂದೆ. ಕಿಟಕಿಯ ಹೊರಗೆ ಅಂದಿನ ಸೂರ್ಯ ಇಳಿಯುತ್ತಿದ್ದದ್ದು ನನ್ನ ಲೆಕ್ಕದಲ್ಲಿ ಇರಲಿಲ್ಲ.

ದಾರಿಯುದ್ದಕ್ಕೂ ಆ ಶಾಸನದ ಕಥೆಯನ್ನೇ ಹೇಳಿದೆ. ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಕಟ್ಟಿಕೊಂಡು ಕಾರ್ಖಾನೆಯ ಕಡೆ ಸಾಲು ಹಿಡಿದಿದ್ದವು. ದಾಟಿ ಹೋಗಲು ಜಾಗವಿರಲಿಲ್ಲ. ಹಿಂದಿನ ಸೀಟಿನಲ್ಲಿ ಅವರು ಚೀಲದಿಂದ ನೀರಿನ ಬಾಟಲಿ ತೆಗೆದದ್ದನ್ನು ಕನ್ನಡಿಯಲ್ಲಿ ಕಂಡೆ. ಮುಚ್ಚಳ ತಿರುಗಿಸಿದರು. ಬಾಯಿಗೆ ಎತ್ತುವ ಮೊದಲು ಕಬ್ಬಿನ ಹೊಲದ ಆಚೆ ಒಮ್ಮೆ ನೋಡಿದರು. ಮತ್ತೆ ಮುಚ್ಚಳ ಹಾಕಿ, ಬಾಟಲಿಯನ್ನು ಚೀಲದೊಳಗೆ ಇಟ್ಟುಬಿಟ್ಟರು. ನೀರಡಿಕೆ ಇಲ್ಲವೇನೋ ಎಂದುಕೊಂಡು ನಾನು ಮಾತು ಮುಂದುವರಿಸಿದೆ.

ಫಾಟಾದಲ್ಲಿ ಇಳಿದು, “ಬರ್ತೀನ್ರಿ ಸರ್,” ಎಂದು ಎಂದಿನಂತೆ ಹೇಳಿ ಹೋದರು. ಕಾರು ಸೇತುವೆ ಏರುವವರೆಗೆ ಗ್ರಂಥಪಾಲಕರು ಸುಮ್ಮನಿದ್ದರು. ಅದು ಅವರ ಸ್ವಭಾವವಲ್ಲ.

“ಏನ್ರಿ, ಮಾತಿಲ್ಲ?” ಎಂದೆ.

“ಏನಿಲ್ಲರಿ. ಇವತ್ತೂ ಅಕ್ಕಾರ ಊಟ ಹೋತಲ್ಲ ಅಂತ.”

“ಯಾವ ಊಟ?”

ಅವರು ನನ್ನತ್ತ ತಿರುಗಿ ಕುಳಿತರು. “ಸರ್, ನೀವು ಜೈನ್ರು. ನಾ ಕುಡಚಿ ಮುಸಲ್ಮಾನ. ಇದನ್ನ ನಾ ನಿಮಗ ತಿಳಿಸಿ ಹೇಳೂದು ಛಲೋ ಕಾಣೂದಿಲ್ಲ. ಅವರು ಹೊತ್ತು ಮುಳಗಿದ ಮ್ಯಾಲ ಉಣ್ಣೂದಿಲ್ಲ. ಅವರು ಬರೂತನಕಾ ಮನ್ಯಾಗ ಆ ಮುದುಕಿನೂ ಉಣ್ಣೂದಿಲ್ಲ. ಅತ್ತಿ ಸೊಸಿ ಕೂಡೇ ಉಣ್ಣೂದು. ಒಬ್ಬರ ಉಪಾಸ ಅಲ್ಲರಿ, ಇಬ್ಬರದು.”

“ಎಷ್ಟು ದಿನದಿಂದ?”

“ನಿಮ್ಮ ವಹ್ಯಾಗ ಬರದಿರಬೇಕಲ್ಲರಿ. ಹೋದ ಥಂಡಿ ದಿನದಾಗೂ ಇದ ಆಗಿತ್ತು.”

ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. “ಮತ್ತ ಅವರು ಒಂದ ಮಾತ ಹೇಳಬಾರದಾ?” ಎಂದೆ.

“ಒಮ್ಮೆ ಹೇಳಿದ್ದು ಎರಡನೇ ಸಲ ಹೇಳೂ ಮಂದಿ ಅಲ್ಲರಿ ಅವರು,” ಎಂದರು. ಅದನ್ನು ಆಗ ನಾನು ಅವರ ಸ್ವಭಾವದ ಬಗೆಗಿನ ಸಾಮಾನ್ಯ ಮಾತೆಂದು ತಿಳಿದೆ.

ಆಮೇಲೆ ಅವರು ರಮಜಾನಿನ ಮಾತು ತೆಗೆದರು. ಅದೇ ವರ್ಷದ ಮೇ–ಜೂನಿನಲ್ಲಿ ಉಪವಾಸದ ತಿಂಗಳು ಬಂದಿತ್ತು. ಮೊದಲ ದಿನವೇ ಅವರು ನನ್ನ ಮೇಜಿನ ಮುಂದೆ ನಿಂತು, “ಸರ್, ಇನ್ನ ಒಂದು ತಿಂಗಳ ನಿಮ್ಮ ಐದು ಮಿನಿಟ್ ಬಂದ್. ಹೊತ್ತು ಮುಳಗೂ ಹೊತ್ತಿಗಿ ನಾ ಮನ್ಯಾಗ ಇರಬೇಕು. ಇಲ್ಲಂದ್ರ ನಿಮ್ಮ ಮನೀಗೆ ಬಂದು ನಿಮ್ಮ ಪಾಲಿಂದೂ ತಿಂತೀನಿ,” ಎಂದು ನಗುತ್ತ ಹೇಳಿದ್ದರು. ಆ ತಿಂಗಳು ಪೂರ್ತಿ ಕಾರು ನಾಲ್ಕೂವರೆಗೆ ಹೊರಟಿದೆ. ವಹಿಯಲ್ಲಿ ಒಂದು ದಿನವೂ ತಪ್ಪಿಲ್ಲ. ಇನ್ನೊಂದು ಧರ್ಮದವರ ನೇಮಕ್ಕೆ ನಾನು ಕೊಟ್ಟ ಗೌರವವೆಂದು ಅದನ್ನು ಎರಡು-ಮೂರು ಕಡೆ ಹೇಳಿಕೊಂಡಿದ್ದೇನೆ ಕೂಡ. ಪಂಚಾಂಗ ತೆರೆದು ನೋಡಿದರೆ ಆ ದಿನಗಳಲ್ಲಿ ಸೂರ್ಯ ಮುಳುಗುತ್ತಿದ್ದದ್ದು ಏಳರ ಆಸುಪಾಸಿಗೆ. ಅರ್ಧ ಗಂಟೆ ತಡ ಮಾಡಿದ್ದರೂ ಯಾರ ಊಟವೂ ಹೋಗುತ್ತಿರಲಿಲ್ಲ. ತಡ ಮಾಡಬಹುದಾಗಿದ್ದ ತಿಂಗಳಲ್ಲಿ ಒಂದು ನಿಮಿಷವೂ ತಡ ಮಾಡದವನು, ತಡ ಮಾಡಬಾರದ ತಿಂಗಳುಗಳಲ್ಲಿ ಗಂಟೆಗಟ್ಟಲೆ ಕೂರಿಸಿದ್ದೇನೆ.

“ನಾ ಹೊತ್ತು ಮುಳಗಿದ ಮ್ಯಾಲ ಉಣ್ಣಾಂವ, ಅವರು ಮುಳಗೂಕಿಂತ ಮೊದಲ ಉಣ್ಣಾರು,” ಎಂದರು ಗ್ರಂಥಪಾಲಕರು. “ನಾ ಬಾಯಿ ಮಾಡಿದೆ, ಗಾಡಿ ಹೊಂಟಿತು. ಅವರು ಬಾಯಿ ಮಾಡಲಿಲ್ಲ. ಅಷ್ಟ ಫರಕರಿ.”

ಕುಡಚಿಯಲ್ಲಿ ಇಳಿಯುವಾಗ ಅವರು ಬಾಗಿಲನ್ನು ಎಂದಿಗಿಂತ ಮೆಲ್ಲಗೆ ಹಾಕಿದರು. ನನಗೆ ನೋವಾಗದಿರಲಿ ಎಂದು ಹಾಗೆ ಮಾಡಿದರೆಂದು ಕಾಣುತ್ತದೆ.

ಮರುದಿನದಿಂದ ನಾಲ್ಕೂವರೆಗೆ ಹೊರಟೆವು. ಕಾರಣ ಹೇಳಲಿಲ್ಲ, ತಪ್ಪಾಯಿತೆಂದೂ ಹೇಳಲಿಲ್ಲ. ತಾನಾಗಿ ಕೆಲಸ ಬೇಗ ಮುಗಿದವನಂತೆ ನಡೆದುಕೊಂಡೆ. ಐದು ಕೆಲಸದ ದಿನ ಹಾಗೆ ನಡೆಯಿತು. ಆರನೆಯ ದಿನ ಒಂದು ದೂರವಾಣಿ ಕರೆ ಬಂತು; ಏಳನೆಯ ದಿನ ಮತ್ತೊಂದು ಶಾಸನ. ೧೦ ಡಿಸೆಂಬರ್ ೨೦೧೮, ಸೋಮವಾರ, ಆ ಹೆಣ್ಣುಮಗಳು ನಾಲ್ಕೂವರೆಗೆ ನನ್ನ ಮೇಜಿನ ಮುಂದೆ ಬಂದು ನಿಂತರು.

“ಸರ್, ಇವತ್ತಿಂದ ನಾ ಬಸ್ಸಿಗೇ ಹೋಗತೀನ್ರಿ.”

“ಯಾಕ್ರಿ? ನಾ ಬೇಗ ಹೊರಡಬೇಕಂತನ ಮಾಡೀನಲ್ಲ.”

“ಇಲ್ಲರಿ. ಬಸ್ಸ ಯಾರ ಸಲುವಾಗೂ ನಿಂದ್ರೂದಿಲ್ಲ, ಅದ ನನಗ ಅನುಕೂಲ.”

“ನಿಮ್ಮ ಇಷ್ಟ,” ಎಂದೆ. ತಲೆ ಎತ್ತದೆ ಹೇಳಿದೆ. ಆ ದಿನದ ಷರಾ ಅಂಕಣದಲ್ಲಿ ನನ್ನ ಕೈಬರಹ ಹೀಗಿದೆ: “ಒಬ್ಬರು ಬಿಟ್ಟರು. ಪರಿಸರ ಪ್ರಜ್ಞೆ ಇನ್ನೂ ಬೇರೂರಿಲ್ಲ.” ಇದನ್ನು ನಕಲು ಮಾಡುವಾಗ ಪದ ಬದಲಿಸಬಾರದೆಂಬ ವೃತ್ತಿಧರ್ಮವಿಲ್ಲದಿದ್ದರೆ ಖಂಡಿತವಾಗಿ ಬದಲಿಸುತ್ತಿದ್ದೆ.

ಮುಂದಿನ ವರ್ಷ ನಿವೃತ್ತನಾದೆ. ಪ್ರತಿ ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ನಮ್ಮಲ್ಲಿ ಒಬ್ಬರಿಗೊಬ್ಬರು ಕ್ಷಮೆ ಕೇಳುವ ದಿನವೊಂದಿದೆ. ಈಗ ಅದು ಬಹುಮಟ್ಟಿಗೆ ಮೊಬೈಲಿನಲ್ಲಿ ನಡೆಯುತ್ತದೆ. ಹೂವಿನ ಚಿತ್ರದ ಮೇಲೆ “ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ” ಎಂದು ಬರೆದ ಒಂದೇ ಸಂದೇಶವನ್ನು ನಾನು ಪಟ್ಟಿಯಲ್ಲಿರುವ ಎಲ್ಲರಿಗೂ ಕಳುಹಿಸುತ್ತ ಬಂದೆ. ಪಟ್ಟಿಯಲ್ಲಿ ಅವರೂ ಇದ್ದರು. ಅವರಿಂದ ಪ್ರತಿ ವರ್ಷ ಕೈಮುಗಿದ ಚಿಹ್ನೆ ಬರುತ್ತಿತ್ತು. ಅಷ್ಟಕ್ಕೆ ವಿಷಯ ಮುಗಿಯಿತೆಂದುಕೊಂಡಿದ್ದೆ.

ಅದು ಮುಗಿದಿರಲಿಲ್ಲವೆಂದು ತೋರಿಸಿದವರು ಒಬ್ಬ ನಿವೃತ್ತ ಬಸ್ ಕಂಡಕ್ಟರು. ೫ ಜೂನ್ ೨೦೨೫, ಗುರುವಾರ, ಚಿಕ್ಕೋಡಿಯಲ್ಲಿ ಹಿರಿಯ ನಾಗರಿಕರ ಒಂದು ಕೂಟದಲ್ಲಿ ಪರಿಸರ ದಿನದ ಮಾತಿಗೆ ನನ್ನನ್ನು ಕರೆದಿದ್ದರು. ವಹಿಯ ಎರಡನೆಯ ಸಂಪುಟದಿಂದ ತೆಗೆದ ಕೋಷ್ಟಕವನ್ನು ದೊಡ್ಡ ಹಾಳೆಯಲ್ಲಿ ಬರೆಸಿಕೊಂಡು ಹೋಗಿದ್ದೆ. ಮೂವರು, ಒಂದು ಕಾರು, ಇಷ್ಟು ಉಳಿತಾಯ. ಚಪ್ಪಾಳೆಯೂ ಆಯಿತು. ಮೂರನೆಯ ಸಾಲಿನಲ್ಲಿ ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಕುಳಿತವರು ಕೈ ಎತ್ತಿದರು.

“ಸಾಹೇಬ್ರ, ನಾ ಕಂಡಕ್ಟರ ಇದ್ನಿ. ಒಂದ ಮಾತ ಕೇಳಲ್ಯಾ? ಆ ಬಾಯಾರು ನಿಮ್ಮ ಕಾರ ಹತ್ತೂಕಿಂತ ಮೊದಲ ಹೆಂಗ ಹೋಗತಿದ್ರು?”

“ಬಸ್ಸಿನಲ್ಲಿ.”

“ಹಂಗಾರ ನಮ್ಮ ಗಾಡ್ಯಾಗಿನ ಒಂದ ಸೀಟ ಖಾಲಿ ಮಾಡಿ ನಿಮ್ಮ ಗಾಡ್ಯಾಗ ತುಂಬಿಸಿದ್ರಿ. ಇದ್ರಾಗ ಉಳದದ್ದೇನ್ರಿ? ಜಲಮ ಪೂರ್ತಿ ತಿಕೀಟ ಹರದೇನಿ. ಮಂದಿ ಇಳದ್ರಂತ ಗಾಡಿ ಡಿಸೇಲ್ ಕಡಿಮಿ ಕುಡದದ್ದು ನಾ ನೋಡಿಲ್ಲ.”

ಕೂಟ ನಕ್ಕಿತು, ನಾನೂ ನಕ್ಕಂತೆ ಮಾಡಿದೆ. ಅದು ಹೊಸ ಪ್ರಶ್ನೆಯಲ್ಲ. ಎಂಟು ವರ್ಷಗಳ ಹಿಂದೆ ಅದನ್ನು ಒಬ್ಬರು ಹೇಳಿದ್ದರು. ಅಂದು ನಕ್ಕವನು ನಾನು. ರಾಯಬಾಗಕ್ಕೆ ಬಂದು ಎರಡನೆಯ ಸಂಪುಟವನ್ನೂ ಆ ವರ್ಷಗಳ ಪಂಚಾಂಗಗಳನ್ನೂ ಎದುರುಬದುರು ಇಟ್ಟುಕೊಂಡು ಕುಳಿತೆ. ಉಳಿತಾಯದ ಅಂಕಣದಿಂದ ಅವರ ಹೆಸರಿನ ಸಾಲುಗಳನ್ನು ಹೊಡೆದುಹಾಕಿದೆ. ಆಮೇಲೆ ಮುಟ್ಟಿದ ವೇಳೆಯನ್ನು ಸೂರ್ಯಾಸ್ತದೊಂದಿಗೆ ಹೋಲಿಸಿ, ತಡವಾದ ಸಂಜೆಗಳಿಗೆ ಪೆನ್ಸಿಲಿನಲ್ಲಿ ಸಣ್ಣ ಸುತ್ತು ಹಾಕುತ್ತ ಹೋದೆ. ಎಷ್ಟು ಸುತ್ತುಗಳಾದವೆಂದು ಎಣಿಸಿದ್ದೇನೆ. ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೂ ನನ್ನ ಶ್ರದ್ಧೆಯ ಪ್ರದರ್ಶನವಾದೀತು.

ಇನ್ನು ಮೊಬೈಲಿನಲ್ಲಿ ಕಳುಹಿಸಿದ ಕ್ಷಮೆ ಸಾಲದೆಂದು ತಿಳಿಯಲು ಮತ್ತೂ ಐದು ತಿಂಗಳು ಹಿಡಿದವು. ೨೨ ನವೆಂಬರ್ ೨೦೨೫, ಶನಿವಾರ, ರಾಯಬಾಗದಿಂದ ಬಸ್ಸಿನಲ್ಲಿ ಉಗಾರ ಬುದ್ರುಕಕ್ಕೆ ಹೋದೆ. ನಾಲ್ಕು ಗಂಟೆಗೆ ಮೊದಲೇ ಮುಟ್ಟುವಂತೆ ನೋಡಿಕೊಂಡೆ. ಅವರು ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದರು. ಅವರೂ ಈಗ ನಿವೃತ್ತರು. ಅತ್ತೆ ಗೋಡೆಗೆ ಆತು ಕುಳಿತಿದ್ದರು. ನಾನು ಯಾರೆಂದು ಸೊಸೆ ಹೇಳಿದಾಗ ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

“ಗಾಡಿ ಸಾಹೇಬ್ರಾ? ಬರ್ರಿ, ಬರ್ರಿ. ಇವತ್ತ ಹೊತ್ತ ಇರೂದ್ರಾಗ ಬಂದೀರಿ.”

ಅದು ಚುಚ್ಚುಮಾತೋ, ಸಹಜವಾದ ಆದರವೋ ನನಗೆ ತಿಳಿಯಲಿಲ್ಲ. ಎರಡೂ ಇದ್ದಿರಬಹುದು. ಬಂದ ಕಾರಣವನ್ನು ಹೇಳಿದೆ. ಸುತ್ತು ಹಾಕಿದ ವಹಿಯನ್ನು ಚೀಲದಿಂದ ತೆಗೆದು ಅವರ ಕೈಗೆ ಕೊಟ್ಟೆ. ಕರಡು ನೋಡುವ ಹಾಗೆಯೇ, ಬೆರಳನ್ನು ಸಾಲಿನ ಕೆಳಗೆ ಸರಿಸುತ್ತ ನಾಲ್ಕಾರು ಪುಟ ನೋಡಿದರು.

“ಇಷ್ಟಾಗಿದ್ದವೇನ್ರಿ? ನಾ ಲೆಕ್ಕಾ ಇಟ್ಟಿರಲಿಲ್ಲ.”

“ತಪ್ಪು ನಂದ ಬಾಯಾರ. ಆದ್ರ ಒಂದ ಮಾತ ಮನಸಿನ್ಯಾಗ ಉಳದೈತಿ. ಮೊದಲ ದಿನಾನ ನೀವು ನನಗ ಹೇಳಿದ್ರ ಇಷ್ಟ ಆಗತಿರಲಿಲ್ಲ.”

ಅವರು ಬೆರಳನ್ನು ಸಾಲಿನ ಮೇಲೆ ಹಾಗೆಯೇ ನಿಲ್ಲಿಸಿ ತಲೆ ಎತ್ತಿದರು. “ಹೇಳಿದ್ನಲ್ಲರಿ ಸರ್.”

“ಇಲ್ಲರಿ. ನನಗ ಚೆನ್ನಾಗಿ ನೆನಪೈತಿ. ನೀವು ಹೇಳಿರಲಿಲ್ಲ.”

“ಇರ್ಲಿ ಬಿಡ್ರಿ,” ಎಂದರು. ವಹಿಯನ್ನು ಮುಚ್ಚಿ ನನಗೆ ಹಿಂದಿರುಗಿಸುತ್ತ, ಕರಡಿನ ಬಗ್ಗೆ ಮಾತಾಡುವ ಅದೇ ದನಿಯಲ್ಲಿ, “ಇದು ಎರಡನೇ ವಹಿ ಐತಿ. ಮೊದಲಿಂದು ತಗದು ನೋಡ್ರಿ. ನೀವು ಎಲ್ಲಾ ಬರಕೋತಿದ್ರಲ್ಲ,” ಎಂದರು.

ಅಷ್ಟರಲ್ಲಿ ಎದ್ದು ಒಳಗೆ ಹೋಗಿದ್ದ ಮುದುಕಿ ಅಲ್ಲಿಂದಲೇ ಕೂಗಿದರು: “ಮಾತ ಆಮ್ಯಾಲ ಆಡ್ರಿ. ಹೊತ್ತ ಹೋಗಾಕತ್ತೈತಿ, ಎಲಿ ಹಾಕೇನಿ.” ಬೇಡವೆಂದರೆ ಕೇಳಲಿಲ್ಲ. ಅತ್ತೆ, ಸೊಸೆ ಮತ್ತು ನಾನು, ಬಾಗಿಲಿನಿಂದ ಒಳಗೆ ಬಿದ್ದ ಬಿಸಿಲಿನಲ್ಲಿ ಕುಳಿತು ಉಂಡೆವು. ರೊಟ್ಟಿ, ಬದನೆಕಾಯಿ, ಶೇಂಗಾ ಚಟ್ನಿಪುಡಿ. ದೀಪ ಹಚ್ಚುವ ಅಗತ್ಯವೇ ಬೀಳಲಿಲ್ಲ. ಉಣ್ಣುವಾಗ ನಾನು ಗಡಿಯಾರ ನೋಡಲಿಲ್ಲ, ಆದ್ದರಿಂದ ಅಂದಿನ ವೇಳೆಗೆ ನನ್ನಲ್ಲಿ ಆಧಾರವಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಕೂಡ ನಾನು ಅವರ ನೆನಪೇ ತಪ್ಪಿದೆಯೆಂದು ನಂಬಿದ್ದೆ. ಅವರನ್ನು ಕ್ಷಮಿಸಿಯೂ ಇದ್ದೆ. ಈ ಬರಹದ ಮೊದಲ ಪ್ರತಿಯಲ್ಲಿ “ಅವರು ಎಂದೂ ಬಾಯಿಬಿಟ್ಟು ಹೇಳಲಿಲ್ಲ” ಎಂಬ ವಾಕ್ಯ ಎರಡು ಕಡೆ ಇತ್ತು. ಆಧಾರವನ್ನು ನೋಡದೆ ವಾಕ್ಯ ಬಿಡುವ ಅಭ್ಯಾಸ ನನಗಿಲ್ಲವಾದ್ದರಿಂದ, ನಿವೃತ್ತಿಯ ಕಾಲಕ್ಕೆ ಕಾಗದಪತ್ರಗಳ ಗಂಟಿನೊಂದಿಗೆ ನಿಪ್ಪಾಣಿಯ ಮನೆಗೆ ಸಾಗಿಸಿದ್ದ ಮೊದಲ ಸಂಪುಟವನ್ನು ಹುಡುಕಲು ಹೋದೆ. ನನ್ನ ತಾಯಿ ರೊಟ್ಟಿ ತಟ್ಟುತ್ತಿದ್ದ ಪಡಸಾಲೆಯ ಅಟ್ಟದ ಮೇಲೆ ಅದು ಸಿಕ್ಕಿತು. ಹೊಸ್ತಿಲ ಬೆಳಕಿಗೆ ಹಿಡಿದು ಮೊದಲ ಪುಟವನ್ನು ಓದಿದೆ. ನಕಲು ಇದು, ಅಕ್ಷರ ವ್ಯತ್ಯಾಸವಿಲ್ಲ:

“೩ ಜುಲೈ ೨೦೧೭, ಸೋಮವಾರ. ಜನ: ಮೂವರು. ಷರಾ: ಕರಡು ತಿದ್ದುವ ಬಾಯಿಯವರ ಷರತ್ತು ಒಂದೇ. ಹೊತ್ತು ಮುಳುಗುವ ಮುನ್ನ ಉಗಾರ ಮುಟ್ಟಿಸಬೇಕು, ಮನೆಯಲ್ಲಿ ಅತ್ತೆಯವರು ಊಟಕ್ಕೆ ಕಾಯುತ್ತಾರೆ. ಒಪ್ಪಿದ್ದೇನೆ.”

ಕೆಳಗಿರುವ ಸಹಿ ನನ್ನದು.